ಕೋತಿ ಅಗಿದ ಹೂಬತ್ತಿ

ಅಜ್ಜಿ ಹೂಬತ್ತಿ ಹೊಸೆಯುವಾಗ ಮಾತಾಡುವುದಿಲ್ಲ. ಬಳೇಪೇಟೆಯಿಂದ ತರಿಸಿದ ಅರಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಬೀಜದ ಚೂರೇನಾದರೂ ಇದ್ದರೆ ಉಗುರಿನಿಂದ ತೆಗೆದು, ಒಂದು ಎಸಳಿನಷ್ಟು ಕಿತ್ತು, ಅಂಗೈಯಲ್ಲಿ ಹರಡಿ, ನಡುವೆ ಹಿಡಿದು ಮೇಲಕ್ಕೆ ಎಳೆಯುತ್ತಾಳೆ. ಪಕ್ಕದಲ್ಲಿ ಪುಟ್ಟ ಬೆಳ್ಳಿ ಬಟ್ಟಲಿನಲ್ಲಿ ಹಾಲು. ಬೆರಳ ತುದಿಯನ್ನು ಅದರಲ್ಲಿ ಅದ್ದಿ ಬತ್ತಿಯ ತೊಟ್ಟನ್ನು ತಿರುಚಿದರೆ ಒಣಗಿದ ಮೇಲೂ ಅದು ಬಿಚ್ಚಿಕೊಳ್ಳುವುದಿಲ್ಲ. ಆ ಹೊತ್ತಿಗೆ ಹಜಾರದ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿದಿರುತ್ತದೆ. ಅರಳೆಯ ಎಳೆಗಳು ಆ ಬಿಸಿಲಲ್ಲಿ ತೇಲುತ್ತಾ, ಎಲ್ಲೂ ಇಳಿಯದೆ, ಬಹಳ ಹೊತ್ತು ಹಾಗೇ ಇರುತ್ತವೆ. ಚಿಕ್ಕಂದಿನಲ್ಲಿ ನಾನು ಗೋಡೆಗೆ ಒರಗಿ ಕುಳಿತು ಅವನ್ನೇ ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ನಿದ್ದೆ ಹೋಗುತ್ತಿದ್ದೆ. ಎದ್ದಾಗ ಕೂದಲಲ್ಲಿ ಅರಳೆ ಇರುತ್ತಿತ್ತು.

ಅಜ್ಜಿ ಎಂದರೆ ಅಮ್ಮನ ಅಮ್ಮ. ನಮ್ಮ ಮನೆ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿದೆ. ಕೆಳಗೆ ನಾವಿಬ್ಬರು, ಮೇಲೆ ತಾರಸಿ, ತಾರಸಿಯ ಮೇಲಕ್ಕೆ ಪಕ್ಕದ ಮನೆಯ ಮಾವಿನ ಮರ ಚಾಚಿಕೊಂಡಿದೆ. ಅಮ್ಮ ತೀರಿಕೊಂಡಾಗ ನಾನು ಎಷ್ಟು ಚಿಕ್ಕವಳೆಂದರೆ, ನನಗೆ ನೆನಪಿರುವುದು ಅಮ್ಮನೋ ಅಮ್ಮನ ಫೋಟೋವೋ ಎಂದು ಖಚಿತವಾಗಿ ಹೇಳಲಾರೆ. ಅಪ್ಪನಿಗೆ ಬೇರೆ ಊರಲ್ಲಿ ಬೇರೆ ಸಂಸಾರವಿದೆ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಮುಂದಿನದು ಅರ್ಥವಾಗಲು ಬೇಕೆಂದು ಹೇಳಿದೆ. ಅಜ್ಜಿಯೂ ನಾನೂ ಅಮ್ಮನ ಬಗ್ಗೆ ಮಾತಾಡುವುದು ಕಡಿಮೆ. ಹಾಗೆಂದು ನಾವೇನೂ ಒಪ್ಪಂದ ಮಾಡಿಕೊಂಡಿರಲಿಲ್ಲ. ಮಾತಾಡದೆ ಇದ್ದು ಇದ್ದು ಅದೇ ಅಭ್ಯಾಸವಾಯಿತು.

ನನ್ನ ಕೆಲಸ ಕೋತಿಗಳದು. ನಿಖರವಾಗಿ ಹೇಳಬೇಕೆಂದರೆ ಕೋತಿ, ಮುಸುವ, ಸಿಂಗಳೀಕ, ಕಾಡುಪಾಪ ಇವುಗಳ ಜೀನೋಮ್‌ಗಳನ್ನು ಓದಿ, ಯಾರು ಯಾರಿಗೆ ಎಷ್ಟು ಹತ್ತಿರ, ಯಾವ ಕವಲು ಯಾವಾಗ ಬೇರೆಯಾಯಿತು ಎಂದು ನೋಡುವುದು. ಅದರ ಬಹುಪಾಲು ಕಂಪ್ಯೂಟರಿನ ಮುಂದೆ ನಡೆಯುತ್ತದೆ. ನಾಲ್ಕೇ ಅಕ್ಷರಗಳ ಉದ್ದುದ್ದ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ, ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ಹುಡುಕುವ ಪ್ರೋಗ್ರಾಂ ಕೊನೆಗೆ ಒಂದು ಮರ ಬರೆದುಕೊಡುತ್ತದೆ. ಸಂಜೆ ಲ್ಯಾಬಿನಲ್ಲಿ ಜನ ಕಡಿಮೆಯಾದ ಮೇಲೆ ನಾನು ಆ ಮರವನ್ನು ಸುಮ್ಮನೆ ನೋಡುತ್ತಾ ಕೂರುವುದುಂಟು. ಒಂದು ತುದಿಯಲ್ಲಿ ಕಾಡುಪಾಪ, ಎಲ್ಲರಿಗಿಂತ ಮೊದಲೇ ದಾರಿ ಬೇರೆ ಮಾಡಿಕೊಂಡು, ದೊಡ್ಡ ಕಣ್ಣು ಬಿಟ್ಟುಕೊಂಡು ತನ್ನಷ್ಟಕ್ಕೆ ತಾನಿದೆ. ಇನ್ನೊಂದು ಕಡೆ ಮುಸುವ, ಕೋತಿ, ಸಿಂಗಳೀಕ ಒತ್ತೊತ್ತಾಗಿ. ಅವುಗಳಿಗೆ ಹತ್ತಿರದಲ್ಲೇ, ಬೇರೆ ಕೊಂಬೆಯಲ್ಲಿ, ನಾವು. ಕೋತಿಗೂ ನಮಗೂ ದಾರಿ ಬೇರೆಯಾದದ್ದು ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಎನ್ನುತ್ತಾರೆ. ಆ ಕವಲಿನ ಮೇಲೆ ಕರ್ಸರ್ ಇಟ್ಟರೆ ಅಲ್ಲಿ ಏನೂ ಇಲ್ಲ, ಬರೀ ಒಂದು ಚುಕ್ಕೆ. ಆ ಚುಕ್ಕೆ ಒಂದು ಕಾಲಕ್ಕೆ ಯಾವುದೋ ಮರದ ಮೇಲೆ ಕುಳಿತು ಹಣ್ಣು ತಿಂದಿತ್ತು, ಮರಿಯನ್ನು ಹೊಟ್ಟೆಗೆ ಅವಚಿಕೊಂಡಿತ್ತು, ಮಧ್ಯಾಹ್ನ ತೂಕಡಿಸಿತ್ತು ಎಂದು ಯೋಚಿಸುವಾಗ ನನಗೆ ಮನೆಗೆ ಹೋಗುವ ಬಸ್ಸು ಮರೆತುಹೋಗುತ್ತದೆ.

“ನಾವು ಕೋತಿಯಿಂದ ಬಂದೋರು ಅಂತ ತೋರಿಸೋದಾ ನಿನ್ ಕೆಲಸ?” ಎಂದು ಅಜ್ಜಿ ಒಮ್ಮೆ ಕೇಳಿದ್ದಳು.

“ಕೋತಿಯಿಂದ ಅಲ್ಲಜ್ಜಿ. ಅವಕ್ಕೂ ನಮಗೂ ಒಬ್ಳೇ ಅಜ್ಜಿ ಇದ್ಲು, ತುಂಬಾ ತುಂಬಾ ಹಿಂದೆ.”

“ಓಹೋ. ಯಾವ ಗೋತ್ರದೋಳಂತೆ ಅವ್ಳು?”

“ಅದನ್ನೇ ಹುಡುಕ್ತಿರೋದು.”

“ಹುಡುಕು ಹುಡುಕು. ಸಿಕ್ಕಿದ್ರೆ ಒಂದ್ಸಲ ಊಟಕ್ಕೆ ಕರ್ಕೊಂಡ್ ಬಾ.”

ಒಂದು ಫೆಬ್ರವರಿಯಲ್ಲಿ, ರಸ್ತೆಬದಿಯ ಮರಗಳು ಎಲೆಯೆಲ್ಲ ಉದುರಿಸಿ ಬರೀ ಗುಲಾಬಿ ಬಣ್ಣದ ಹೂವಾಗಿ ನಿಂತಿದ್ದ ದಿನಗಳಲ್ಲಿ, ನಮ್ಮ ಬಡಾವಣೆಯ ಕೋತಿಗಳನ್ನು ಹಿಡಿಸಿದರು. ಅವು ಎರಡು ಗುಂಪು. ಒಂದು ಬಂಡೆಗಳಿರುವ ಪಾರ್ಕಿನ ಕಡೆಯದು, ಇನ್ನೊಂದು ದೇವಸ್ಥಾನದ ಹಿಂದಿನ ಅರಳಿಮರದ ಕಡೆಯದು. ಎರಡರ ಗಡಿ ಸರಿಯಾಗಿ ನಮ್ಮ ರಸ್ತೆಯ ಮೇಲೆ ಹಾದುಹೋಗುತ್ತಿತ್ತು. ತುಳಸಿ ಕುಂಡ ಒಡೆದವು, ಒಣಹಾಕಿದ ಹಪ್ಪಳ ಒಯ್ದವು, ಯಾರದೋ ಮಗುವಿನ ಕೈಯಿಂದ ಬಿಸ್ಕತ್ತು ಕಸಿದವು ಎಂದು ದೂರುಗಳು ಹೋಗಿ ಹೋಗಿ ಕೊನೆಗೆ ಅನುಮತಿ ಬಂತು. ಬೋನುಗಳು ಬಂದವು. ಗುಂಪುಗಳನ್ನು ಊರಾಚೆ ಬೇರೆ ಬೇರೆ ಆವರಣಗಳಲ್ಲಿಟ್ಟು, ಆಮೇಲೆ ಬೇರೆ ಬೇರೆ ಕಾಡುಗಳಿಗೆ ಬಿಡುವುದೆಂದು ತೀರ್ಮಾನವಾಗಿತ್ತು.

ರಸ್ತೆ ಸದ್ದಿಲ್ಲದಂತಾಯಿತು. ಮಾರನೆಯ ಬೆಳಿಗ್ಗೆ ಅಜ್ಜಿ ಎಂದಿನಂತೆ ದೇವರಿಗೆ ನೈವೇದ್ಯ ಮಾಡಿ, ಕಾಗೆಗೆಂದು ಒಂದು ಹಿಡಿ ಅನ್ನವನ್ನು ತಾರಸಿಯ ಮೋಟುಗೋಡೆಯ ಮೇಲೆ ಇಟ್ಟು ಹಿಂತಿರುಗಿದಾಗ, ನೀರಿನ ಟ್ಯಾಂಕಿನ ಹಿಂದಿನಿಂದ ಒಂದು ಪುಟ್ಟ ಕೈ ಬಂತು. ಹಾಲು ಬಿಟ್ಟಿರಬಹುದಾದ, ಆದರೆ ಒಂಟಿಯಾಗಿ ಬದುಕುವಷ್ಟು ದೊಡ್ಡದಾಗದ ಹೆಣ್ಣುಮರಿ. ತಲೆಯ ಮೇಲಿನ ಕೂದಲು ನಡುಬೈತಲೆ ತೆಗೆದಂತೆ ಎರಡು ಕಡೆಗೆ ಬಿದ್ದಿತ್ತು. ಅನ್ನವನ್ನು ಗಬಗಬನೆ ತಿಂದು, ಟ್ಯಾಂಕಿನ ಕೆಳಗಿನ ನೆರಳಲ್ಲಿ ಮೊಣಕಾಲು ತಬ್ಬಿ ಕುಳಿತಿತಂತೆ. ಬೋನು ಬಂದ ದಿನಗಳಲ್ಲಿ ಅದು ಎಲ್ಲಿ ಅಡಗಿತ್ತೋ ಯಾರಿಗೂ ಗೊತ್ತಿಲ್ಲ.

ಸುದ್ದಿ ತಿಳಿದು ಆ ಆವರಣಗಳ ಪಶುವೈದ್ಯೆ ಮನೆಗೇ ಬಂದರು. ನಮ್ಮ ಲ್ಯಾಬಿಗೆ ಅವರು ಮೊದಲಿನಿಂದ ಪರಿಚಿತರು. ಅಜ್ಜಿ ಕೊಟ್ಟ ಕಾಫಿಯನ್ನು ನಿಂತೇ ಕುಡಿದರು.

“ಹಿಡಿಯೋದೇನೋ ಹಿಡೀತೀವಿ ಮೇಡಂ. ಹಿಡಿದ್ಮೇಲೆ ಯಾವ ಗುಂಪಿಗೆ ಬಿಡ್ಲಿ, ಅದನ್ನ ಹೇಳಿ. ಬೇರೆ ಗುಂಪಿಗೆ ಬಿಟ್ರೆ ಕಚ್ಚಿ ಸಾಯಿಸ್ಬಿಡ್ತಾವೆ. ಸುಮ್ನೆ ಇಟ್ಕೊಂಡ್ರೆ ಜೀವನ ಪೂರ್ತಿ ಬೋನಲ್ಲೇ.”

“ಎರಡೂ ಗುಂಪು ಯಾವಾಗ ಹೊರಡುತ್ವೆ?”

“ಬರೋ ಸೋಮವಾರ. ಆರ್ಡರ್ ಆಗೋಗಿದೆ, ನನ್ ಕೈಲಿಲ್ಲ.”

ಅವರ ಪ್ರಶ್ನೆಗೆ ಉತ್ತರ ಕೊಡುವುದು ಸಾಧ್ಯವಿತ್ತು. ಈ ಕೋತಿಗಳಲ್ಲಿ ಗಂಡು ದೊಡ್ಡದಾದ ಮೇಲೆ ಗುಂಪು ಬಿಟ್ಟು ಹೋಗುತ್ತದೆ, ಹೆಣ್ಣು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತದೆ. ಆದ್ದರಿಂದ ಒಂದು ಗುಂಪೆಂದರೆ ಅಜ್ಜಿ, ಅವಳ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು. ನಮ್ಮ ಜೀವಕೋಶದಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಅಂಗವಿದೆ. ಅದರ ಡಿಎನ್‌ಎ ತಾಯಿಯಿಂದ ಮಾತ್ರ ಮಗುವಿಗೆ ಬರುತ್ತದೆ. ಅಜ್ಜಿ ಗೌರಿಹಬ್ಬಕ್ಕೆ ಮಾಡುವ ಗೆಜ್ಜೆವಸ್ತ್ರ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅರಳೆಯನ್ನು ದಾರದಂತೆ ತೆಳ್ಳಗೆ ಎಳೆಯುತ್ತಾ, ನಡುನಡುವೆ ಒಂದೊಂದು ಗೆಜ್ಜೆ ಉಬ್ಬಿಸುತ್ತಾ ಹೋಗುತ್ತಾಳೆ. ಎಲ್ಲೂ ಗಂಟಿಲ್ಲ, ಹೊಲಿಗೆಯಿಲ್ಲ. ತಾಯಿಯ ಸಾಲೆಂದರೆ ಅಂಥದ್ದು. ಎಲ್ಲೋ ಒಂದು ತಲೆಮಾರಿನಲ್ಲಿ ಒಂದು ಅಕ್ಷರ ಬದಲಾದರೆ ಅದು ಮುಂದಿನವರೆಲ್ಲರಿಗೂ ಹರಿದುಬರುತ್ತದೆ. ಪಾರ್ಕಿನ ಗುಂಪಿನ ಹೆಣ್ಣುಗಳಿಗೂ ಅರಳಿಮರದ ಗುಂಪಿನ ಹೆಣ್ಣುಗಳಿಗೂ ಹಾಗೆ ಕೆಲವೇ ಕೆಲವು ಅಕ್ಷರಗಳ ವ್ಯತ್ಯಾಸ, ನಮ್ಮ ಲ್ಯಾಬು ಮೊದಲೇ ಓದಿಟ್ಟಿದ್ದ ಸ್ಯಾಂಪಲ್‌ಗಳಲ್ಲಿ, ಸಿಕ್ಕಿತ್ತು. ಮರಿಯ ಜೊಲ್ಲು ಒಂದಿಷ್ಟು ಸಿಕ್ಕಿದರೆ ಸಾಕು.

ಜೊಲ್ಲು ತೆಗೆಯುವ ಕ್ರಮ ಸರಳ. ದಂತವೈದ್ಯರು ಬಾಯಲ್ಲಿ ಇಡುವಂಥ ಹತ್ತಿಯ ಸುರುಳಿಗೆ ಬೆಲ್ಲದ ಪಾಕ ಸವರಿ ಇಡುತ್ತೇವೆ. ಕೋತಿ ಅಗಿದು, ಸಿಹಿ ಮುಗಿದ ಮೇಲೆ ಉಗಿಯುತ್ತದೆ. ಅದನ್ನು ಕೈಯಲ್ಲಿ ಮುಟ್ಟದೆ ಇಕ್ಕಳದಲ್ಲಿ ಎತ್ತಿ, ದ್ರಾವಣವಿರುವ ಟ್ಯೂಬಿಗೆ ಹಾಕಬೇಕು. ನಾನು ಗ್ಲೌಸ್ ಹಾಕಿಕೊಂಡು ಸುರುಳಿಯನ್ನು ಮೋಟುಗೋಡೆಯ ಮೇಲಿಟ್ಟೆ. ಮರಿ ಬಂದು ಮೂಸಿತು. ನನ್ನ ಕಡೆ ನೋಡಿತು. ಮತ್ತೆ ಮೂಸಿ, ಎರಡು ಬೆರಳಲ್ಲಿ ಎತ್ತಿ, ಪಕ್ಕದ ಮನೆಯವರ ಕಾಂಪೌಂಡಿಗೆ ಎಸೆಯಿತು. ಮಾರನೆಯ ದಿನವೂ ಅದೇ.

“ಆಸ್ಪತ್ರೆ ವಾಸ್ನೆ ಬರುತ್ತೆ ಕಣೆ ಅದು,” ಎಂದಳು ಅಜ್ಜಿ. “ನಂಗೇ ಬೇಡ ಅನ್ಸುತ್ತೆ, ಪಾಪ ಅದಕ್ಕೆ?”

ಮೂರನೆಯ ದಿನ ಲ್ಯಾಬಿನಿಂದ ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಸೆರಗಿನ ಮರೆಯಲ್ಲಿ ಟ್ಯೂಬು. ಅದರಲ್ಲಿ ಚೆನ್ನಾಗಿ ಅಗಿದು ಹಿಂಡಿದ ಹತ್ತಿ.

“ನಿನ್ ಬತ್ತಿ ಬೇಡ ಅಂತು. ನನ್ನದು ಇಟ್ಟೆ. ಮಂಗಳಾರತಿಗೆ ಮಾಡೋ ದಪ್ಪ ಬತ್ತಿ, ಪಾಕದಲ್ಲಿ ಅದ್ದಿ. ಏನ್ ಚೆನ್ನಾಗ್ ತಿಂತು ಅಂತೀಯಾ!”

“ಕೈಯಲ್ಲಿ ಮುಟ್ಟಿದ್ಯಾ ಅಜ್ಜಿ?”

“ಮುಟ್ಲಿಲ್ಲ ಕಣೆ. ನೀನು ಮಾಡ್ದಂಗೇ ಮಾಡಿದೀನಿ. ಇಕ್ಕಳದಲ್ಲೇ ಎತ್ತಿದೆ, ನಿನ್ ಟ್ಯೂಬಿಗೇ ಹಾಕ್ದೆ, ಮುಚ್ಚಳ ಹಾಕ್ದೆ.”

ನನಗೆ ಸಂತೋಷವಾಯಿತು. ಎತ್ತುವಾಗ ಮುಟ್ಟಬಾರದು ಎನ್ನುವುದು ಇಬ್ಬರ ತಲೆಯಲ್ಲೂ ಎಷ್ಟು ಗಟ್ಟಿಯಾಗಿತ್ತೆಂದರೆ, ಆ ಬತ್ತಿ ಹುಟ್ಟಿದ್ದೇ ಎಲ್ಲಿ ಎಂದು ಯೋಚಿಸಲು ಇಬ್ಬರಿಗೂ ಹೊಳೆಯಲಿಲ್ಲ.

ಲ್ಯಾಬಿನಲ್ಲಿ ಅಂಗೈಯಷ್ಟೇ ಅಗಲದ ಒಂದು ಯಂತ್ರವಿದೆ. ಡಿಎನ್‌ಎ ತುಣುಕುಗಳನ್ನು ಅದು ಓದುತ್ತಾ ಹೋದಂತೆ ಪ್ರತಿಯೊಂದೂ ಯಾವ ಪ್ರಾಣಿಯದೆಂದು ಪರದೆಯ ಮೇಲೆ ಬಣ್ಣಗಳಾಗಿ ಮೂಡುತ್ತದೆ. ಶನಿವಾರ ಬೆಳಿಗ್ಗೆ ನನ್ನ ಸಹೋದ್ಯೋಗಿ ಪರದೆಯ ಮುಂದೆ ಕುಳಿತು ನಗುತ್ತಿದ್ದ. ನಾವಿಬ್ಬರೂ ಒಂದೇ ವರ್ಷ ಸೇರಿದವರು.

“ಏನ್ ಗುರು, ನಿನ್ ಕೋತಿ ಹಾಲು ಕೊಡುತ್ತಾ?”

“ಏನಾಯ್ತು?”

“ಇದ್ರಲ್ಲಿ ಮುಕ್ಕಾಲು ಪಾಲು ಹಸು ಕಣೆ. ಮಿಕ್ಕಿದ್ದು ಮನುಷ್ಯರು. ಕೋತಿ ಎಲ್ಲೋ ಮೂಲೇಲಿ ಒತ್ತರಿಸ್ಕೊಂಡು ಕೂತಿದೆ.”

ನನ್ನ ಕಣ್ಣಿಗೆ ಬಂದದ್ದು ಬೆಳ್ಳಿ ಬಟ್ಟಲು. ಅದರಲ್ಲಿ ಅದ್ದಿದ ಬೆರಳ ತುದಿ. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಕೋತಿಯ ತುಣುಕುಗಳು ಇದ್ದವು, ಆದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರುವ ಆ ಕೆಲವು ಜಾಗಗಳನ್ನು ಒಂದೂ ಮುಟ್ಟಿರಲಿಲ್ಲ. ಮರಿ ಯಾವ ಕಡೆಯದೆಂದು ಹೇಳುವಂತಿರಲಿಲ್ಲ. ಸೋಮವಾರಕ್ಕೆ ಉಳಿದದ್ದು ಭಾನುವಾರ ಮಾತ್ರ.

“ಮನುಷ್ಯರು ಯಾರು ಅಂತಾನೂ ಗೊತ್ತಾಯ್ತು,” ಎಂದ ಅವನು. “ನೀನೇ. ಕೈ ಹಾಕಿದೀಯ.”

ನಮ್ಮಲ್ಲಿ ಲ್ಯಾಬಿಗೆ ಸೇರಿದ ದಿನವೇ ಪ್ರತಿಯೊಬ್ಬರ ಕೆನ್ನೆಯೊಳಗಿನಿಂದ ಒಂದು ಸ್ಯಾಂಪಲ್ ತೆಗೆದು, ಅವರ ಮೈಟೊಕಾಂಡ್ರಿಯದ ಸಾಲನ್ನು ಓದಿಡುತ್ತಾರೆ. ಪ್ರಾಣಿಯ ಸ್ಯಾಂಪಲಿನಲ್ಲಿ ಮನುಷ್ಯರ ಕಲಬೆರಕೆ ಕಂಡರೆ ಅದು ಯಾರಿಂದ ಬಂತೆಂದು ಹೋಲಿಸಿ ನೋಡಲು. ಕಂಪ್ಯೂಟರು ಹೋಲಿಸಿ ನೋಡಿ ನನ್ನನ್ನು ತೋರಿಸಿತ್ತು.

“ನಾನು ಮುಟ್ಟಿಲ್ಲ.”

“ಅಯ್ಯೋ, ಎಲ್ರೂ ಹಂಗೇ ಹೇಳೋದು. ಹೋದ್ ತಿಂಗ್ಳು ಕಾಡುಪಾಪದಲ್ಲಿ ನಾನೇ ಬಂದಿದ್ದೆ, ಮರ್ತೋಯ್ತಾ?”

“ನಿಜವಾಗ್ಲೂ ಮುಟ್ಟಿಲ್ಲ,” ಎಂದೆ. ಅಷ್ಟು ಹೇಳುವಾಗಲೇ ನನಗೆ ತಿಳಿಯಿತು. ಅವನಿಗೆ ಹೇಳಲಿಲ್ಲ. ಮತ್ತೆ ಸ್ಯಾಂಪಲ್ ತರುತ್ತೇನೆ, ನಾಳೆ ನೀನು ಬರಬೇಕಾಗುತ್ತದೆ ಎಂದಷ್ಟೇ ಹೇಳಿ ಹೊರಟೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ಗುಲಾಬಿ ಮರಗಳು ಒಂದರ ಹಿಂದೆ ಒಂದು ಹಾದುಹೋಗುತ್ತಿದ್ದವು, ಸಿಗ್ನಲ್ಲಿನಲ್ಲಿ ನಿಂತು, ಮತ್ತೆ ಹೊರಟು. ಅದು ನನ್ನ ಕೈ ಅಲ್ಲ, ಅಜ್ಜಿಯ ಕೈ. ಅರಳೆಯನ್ನು ಹರಡಿ ಹಿಡಿದ ಆ ಅಂಗೈ. ಅಜ್ಜಿಯ ಸಾಲೂ ನನ್ನ ಸಾಲೂ ಅಕ್ಷರಕ್ಕೆ ಅಕ್ಷರ ಒಂದೇ. ಇದು ನನಗೆ ಹೊಸ ಸಂಗತಿಯಲ್ಲ, ಇದನ್ನೇ ನಾನು ಬೇರೆಯವರಿಗೆ ಪಾಠ ಹೇಳುತ್ತೇನೆ. ಆದರೆ ಆ ಸಾಲು ಅಜ್ಜಿಯಿಂದ ನೆಗೆದು ನನಗೆ ಬರಲಾರದು. ನಡುವೆ ಒಬ್ಬಳು ಇರಲೇಬೇಕು, ಮತ್ತು ಅವಳದೂ ಅಕ್ಷರಕ್ಕೆ ಅಕ್ಷರ ಇದೇ ಆಗಿರಬೇಕು. ಎರಡು ಗೆಜ್ಜೆಗಳ ನಡುವೆ ಇನ್ನೊಂದು ಗೆಜ್ಜೆ. ನಾನು ಬೆಳಿಗ್ಗೆ ಪರದೆಯ ಮೇಲೆ ನೋಡಿದ್ದು, ಕೋತಿಯ ಜೊಲ್ಲಿನಲ್ಲಿ ನೆನೆದು ಹಸುವಿನ ಹಾಲಿನಲ್ಲಿ ಬೆರೆತು ಬಂದದ್ದು, ಅಮ್ಮನದೂ ಹೌದು.

ಫೋಟೋದಲ್ಲಿ ಅಮ್ಮನ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿದೆ. ಯಾರೋ ಕರೆದ ಹಾಗೆ. ನಾನು ಕಣ್ಣು ಮುಚ್ಚಿದಾಗ ಆ ಮುಖದ ಹಿಂದೆ ಅಜ್ಜಿಯ ಅಮ್ಮ, ಅವಳ ಹಿಂದೆ ಇನ್ನೊಬ್ಬಳು, ಸೀರೆ ಉಡುವ ರೀತಿ ಬದಲಾಗುತ್ತಾ, ಆಮೇಲೆ ಸೀರೆಯೇ ಇಲ್ಲದೆ, ಆಮೇಲೆ ಮೈಮೇಲೆ ರೋಮವಿದ್ದು, ಕೊನೆಗೆ ಬಹಳ ದೂರದಲ್ಲಿ ಒಂದು ಕೊಂಬೆಯ ಮೇಲೆ ತೂಕಡಿಸುತ್ತಿರುವ ಆ ಚುಕ್ಕೆ. ಅದರ ಮಡಿಲಲ್ಲಿ ಇಬ್ಬರು ಹೆಣ್ಣುಮಕ್ಕಳು. ಒಬ್ಬಳ ಕಡೆಯಿಂದ ನಾನು, ಇನ್ನೊಬ್ಬಳ ಕಡೆಯಿಂದ ನಮ್ಮ ತಾರಸಿಯ ಮರಿ. ಕಂಡಕ್ಟರು “ಯಾರ್ರೀ ಇಳಿಯೋರು” ಎಂದಾಗ ನನ್ನ ಸ್ಟಾಪು ದಾಟಿತ್ತು. ಹಿಂದಕ್ಕೆ ನಡೆದು ಬಂದೆ.

ಅಜ್ಜಿಗೆ ಹಾಲಿನ ಸಂಗತಿ, ಕೈಯ ಸಂಗತಿ ಇಷ್ಟನ್ನು ಮಾತ್ರ ಹೇಳಿದೆ.

“ಹಾಲಿಲ್ದೆ ಯಾರಾದ್ರೂ ಬತ್ತಿ ಮಾಡ್ತಾರಾ?” ಎಂದಳು. ಆಮೇಲೆ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. “ನನ್ ಕೈಯಿಂದ ಅದಕ್ಕೆ ತೊಂದ್ರೆ ಆಯ್ತಾ?”

“ತೊಂದ್ರೆ ಏನಿಲ್ಲಜ್ಜಿ. ಇನ್ನೊಂದ್ಸಲ ಮಾಡ್ಬೇಕು ಅಷ್ಟೆ.”

“ನಾಳೆ ಆಗ್ಲಿಲ್ಲ ಅಂದ್ರೆ?”

“ಬೋನಲ್ಲೇ ಇರುತ್ತೆ.”

“ಬೋನ್ಯಾಕೆ? ಇಲ್ಲೇ ಇರ್ಲಿ ಬಿಡು. ನಾನ್ ನೋಡ್ಕೊತೀನಿ. ಒಬ್ಳನ್ನ ನೋಡ್ಕೊಂಡಿಲ್ವಾ?”

ಇಬ್ಬರೂ ತಾರಸಿಯ ಮೆಟ್ಟಿಲ ಮೇಲೆ ಕುಳಿತಿದ್ದೆವು. ಟ್ಯಾಂಕಿನ ಕೆಳಗೆ ಮರಿ ತನ್ನ ಬಾಲವನ್ನು ತಾನೇ ಹಿಡಿದುಕೊಂಡು, ಅದರ ರೋಮವನ್ನು ಬಿಡಿಸಿ ಬಿಡಿಸಿ ನೋಡುತ್ತಿತ್ತು. ಬೆನ್ನಿಗೆ ಕೈ ಎಟುಕುತ್ತಿರಲಿಲ್ಲ.

“ನಂಗೆ ನೀನಿದ್ದೆ ಅಜ್ಜಿ,” ಎಂದೆ. “ನೀನು ಅಮ್ಮನ ಕಡೆಯೋಳು. ಅದಕ್ಕೂ ಅದರಮ್ಮನ ಕಡೆಯೋರು ಇದಾರೆ.”

ಅಮ್ಮ ಎಂಬ ಮಾತು ಆ ಮನೆಯಲ್ಲಿ ಬಹಳ ದಿನದ ಮೇಲೆ ನನ್ನ ಬಾಯಿಂದ ಬಂದಿತ್ತು. ಅಜ್ಜಿ ಮೊಣಕಾಲು ಹಿಡಿದು ಮೇಲೆದ್ದು, “ಏನ್ ಮಾಡ್ಬೇಕು ಹೇಳು” ಎಂದಳು.

ಊಟದ ಮೇಜನ್ನು ಒರೆಸಿ, ಅದರ ಮೇಲೆ ಲ್ಯಾಬಿನ ಹಾಳೆ ಹರಡಿ, ಲ್ಯಾಬಿನಿಂದ ತಂದ ಶುದ್ಧೀಕರಿಸಿದ ಹತ್ತಿಯ ಪೊಟ್ಟಣ ಒಡೆದೆ. ಅಜ್ಜಿಗೆ ಮಾಸ್ಕು ಕಟ್ಟಿದೆ, ತಲೆಗೆ ಟೋಪಿ ಹಾಕಿದೆ, ಒಂದರ ಮೇಲೊಂದು ಎರಡು ಜೊತೆ ಗ್ಲೌಸ್ ತೊಡಿಸಿದೆ. ಗ್ಲೌಸ್ ದೊಡ್ಡದಾಗಿ ಬೆರಳ ತುದಿಗಳು ಮಡಚಿಕೊಂಡವು. ಬಳೆ ತೆಗೆಯಲು ಒಪ್ಪಲಿಲ್ಲ. ಬಳೆಯ ಮೇಲೆಯೇ ಗ್ಲೌಸ್ ಎಳೆದೆ.

“ಮೂಗು ಮುಟ್ಕೋಬೇಡ ಅಜ್ಜಿ.”

“ತುರಿಸ್ತಿದೆ.”

“ತುರಿಸ್ಲಿ.”

“ಮಾತಾಡ್ಬಹುದಾ?”

“ಬೇಡ.”

“ನನ್ ಅತ್ತೆ ಮಡಿ ಅಂದ್ರೆ ಮನೇನೇ ನಡುಗ್ತಿತ್ತು,” ಎಂದಳು ಮಾಸ್ಕಿನೊಳಗಿಂದ. “ಅವ್ರೂ ಇಷ್ಟು ಕಾಟ ಕೊಟ್ಟಿಲ್ಲ ಕಣೆ ನಂಗೆ.”

ಹತ್ತಿ ರಬ್ಬರಿನ ಬೆರಳಲ್ಲಿ ಜಾರಿತು. ಎಳೆದರೆ ಕಿತ್ತುಬಂತು, ತಿರುಚಿದರೆ ಬಿಚ್ಚಿಕೊಂಡಿತು. ಹಾಲಿಲ್ಲದೆ ನಿಲ್ಲುವುದಿಲ್ಲ ಎಂದು ಅಜ್ಜಿ ಕಣ್ಣಲ್ಲೇ ಹೇಳಿದಳು. ನಾನು ಯೋಚಿಸಿ, ಕುದಿಸಿ ಆರಿಸಿದ್ದ ಬೆಲ್ಲದ ಪಾಕವನ್ನೇ ಮುಂದಿಟ್ಟೆ. ಕಬ್ಬಿನ ಡಿಎನ್‌ಎ ಬಂದರೆ ಬರಲಿ, ಅದನ್ನು ಕೋತಿಯದೆಂದು ಯಾರೂ ತಪ್ಪು ತಿಳಿಯುವುದಿಲ್ಲ. ಪಾಕ ಹಿಡಿಯಿತು. ಅಜ್ಜಿ ತಿರುಚಿದಳು, ನೋಡಿದಳು, ಸರಿಯಿಲ್ಲವೆಂದು ಬದಿಗಿಟ್ಟಳು, ಮತ್ತೊಂದು ಮಾಡಿದಳು. ಕೊನೆಗೆ ನಾಲ್ಕಾರು ಬತ್ತಿಗಳು ನಿಂತವು. ಸೊಟ್ಟಗಿದ್ದವು, ಆದರೆ ನಿಂತವು. ನನ್ನ ಅಜ್ಜಿ ತಾನು ಮಾಡಿದ ಹೂಬತ್ತಿಯನ್ನು ನೋಡಿ ನಾಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಭಾನುವಾರ ನೈವೇದ್ಯವಾಯಿತು. ಅನ್ನದ ಹಿಡಿಯನ್ನು ಅಂದು ಇಡಲಿಲ್ಲ. ಮರಿಯ ಬಾಯಿ ಖಾಲಿ ಇರಬೇಕಿತ್ತು. ಕಾಗೆಗಳು ಬಂದು ಮೋಟುಗೋಡೆಯ ಮೇಲೆ ಕುಳಿತು, ನಮ್ಮನ್ನು ನೋಡಿ, ಕೂಗಿ, ಹೋದವು. ಮರಿ ಬರಲಿಲ್ಲ. ಟ್ಯಾಂಕಿನ ಕೆಳಗೂ ಇರಲಿಲ್ಲ. ಬಿಸಿಲ ಝಳ ಏರಿತು. ಎಲ್ಲೋ ಕುಕ್ಕರ್ ಕೂಗಿತು, ಯಾರದೋ ಮನೆಯಲ್ಲಿ ಸಂಗೀತದ ಪಾಠ ಶುರುವಾಗಿ ಒಂದೇ ಸಾಲು ಮತ್ತೆ ಮತ್ತೆ ಬಂತು. ಮಾವಿನ ಹೂವಿನ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ಅದರಲ್ಲೇ ಮುಳುಗಿ ಕುಳಿತಂತಿತ್ತು. ನಾನು ಗಡಿಯಾರ ನೋಡದಿರಲು ಪ್ರಯತ್ನಿಸಿದೆ. ಅಜ್ಜಿ ಮಾಸ್ಕು ಗ್ಲೌಸುಗಳಲ್ಲಿ, ಟೋಪಿಯಲ್ಲಿ, ಆಪರೇಷನ್ನಿಗೆ ಕಾದ ಡಾಕ್ಟರಿನಂತೆ ಕುಳಿತಿದ್ದಳು.

“ಬಾರೇ ಪುಟ್ಟಿ,” ಎಂದಳು ಒಂದು ಹೊತ್ತಿಗೆ, ಮರದ ಕಡೆಗೆ. ನನ್ನನ್ನು ಚಿಕ್ಕಂದಿನಲ್ಲಿ ಊಟಕ್ಕೆ ಕರೆಯುತ್ತಿದ್ದ ಅದೇ ಧ್ವನಿ.

ಮಾವಿನ ಎಲೆಗಳು ಅಲುಗಿದವು. ಮರಿ ಇಳಿದು ಬಂತು. ಮೋಟುಗೋಡೆಯ ಮೇಲೆ ಎರಡು ಹೆಜ್ಜೆ ಇಟ್ಟು, ಅಜ್ಜಿಯ ಕೈ ನೋಡಿ ನಿಂತಿತು. ಮುಂದೆ ಬಾಗಿ ಆ ರಬ್ಬರಿನ ಬೆರಳನ್ನು ಮೂಸಿತು. ಪರಿಚಯದ ವಾಸನೆ ಇರಲಿಲ್ಲವೇನೋ, ಹಿಂದೆ ಸರಿಯಿತು. ಅಜ್ಜಿ ಗ್ಲೌಸ್ ಕಿತ್ತುಹಾಕಲು ಇನ್ನೊಂದು ಕೈ ಎತ್ತಿದಳು. ನಾನು ತಲೆಯಾಡಿಸಿದೆ. ಅವಳ ಕಣ್ಣು ತುಂಬಿದ್ದು ಮಾಸ್ಕಿನ ಮೇಲೆ ಕಾಣುತ್ತಿತ್ತು. ಬತ್ತಿಯನ್ನು ಲ್ಯಾಬಿನ ಹಾಳೆಯ ಮೇಲೆ ಇಟ್ಟು, ಮೆಲ್ಲಗೆ ಹಿಂದಕ್ಕೆ ನಡೆದು ನನ್ನ ಪಕ್ಕ ನಿಂತಳು.

ಮರಿ ಬತ್ತಿಯನ್ನು ಎತ್ತಿತು. ನೆಕ್ಕಿತು. ದವಡೆಯೊಳಗೆ ತುರುಕಿ, ಕಣ್ಣು ಅರೆಮುಚ್ಚಿ, ಬಹಳ ಹೊತ್ತು ಅಗಿಯಿತು. ಬಿಸಿಲಲ್ಲಿ ಅದರ ಕಿವಿಗಳು ಕೆಂಪಗೆ ಕಂಡವು, ಒಳಗಿನ ನರಗಳು ಕಾಣುವಷ್ಟು ತೆಳ್ಳಗೆ. ಆಮೇಲೆ ಸಿಹಿ ಮುಗಿದಿರಬೇಕು, ಥೂ ಎಂಬಂತೆ ಉಗಿದು, ಮರ ಹತ್ತಿತು.

ಲ್ಯಾಬಿನಲ್ಲಿ ಸಹೋದ್ಯೋಗಿ ಭಾನುವಾರದ ನಿದ್ದೆ ಹಾಳಾಯಿತೆಂದು ಗೊಣಗುತ್ತಲೇ ಜೊತೆಗೆ ಕುಳಿತ. ಪರದೆ ಈ ಸಲ ಒಂದೇ ಬಣ್ಣದಲ್ಲಿ ತುಂಬಿತು. ಸಂಜೆಯ ಹೊತ್ತಿಗೆ ಆ ಕೆಲವು ಅಕ್ಷರಗಳ ಮೇಲೆ ಸಾಕಷ್ಟು ತುಣುಕುಗಳು ಬಂದು ಕೂತವು. ಒಂದೊಂದನ್ನೂ ಎರಡು ಸಲ ನೋಡಿದೆ. ಅರಳಿಮರದ ಕಡೆಯದು. ಅದರ ತಾಯಿ ಯಾರೆಂದು ಹೇಳಲು ಇನ್ನೂ ಕೆಲಸ ಬೇಕಿತ್ತು, ಸಮಯವಿರಲಿಲ್ಲ. ತಾಯಿಯ ಕಡೆಯವರು ಯಾರೆಂದು ಹೇಳಬಹುದಿತ್ತು. ಪಶುವೈದ್ಯೆಗೆ ಫೋನು ಮಾಡಿ ಅಷ್ಟು ಹೇಳಿದೆ.

“ಸಾಕು ಮೇಡಂ,” ಎಂದರು. “ಅವಕ್ಕೂ ಅಷ್ಟೇ ಸಾಕು.”

ಸೋಮವಾರ ಬೆಳಿಗ್ಗೆ ಬೋನು ಬಂತು. ಅಜ್ಜಿ ಅದರೊಳಗೆ ತನ್ನ ಕೈಯಾರೆ ಹೊಸೆದ, ಹಾಲಿನ ಬತ್ತಿಯನ್ನೇ ಪಾಕದಲ್ಲಿ ಅದ್ದಿ ಇಟ್ಟಳು. ಈಗ ಯಾರೂ ಬೇಡವೆನ್ನಲಿಲ್ಲ. ಮರಿ ನೇರವಾಗಿ ಒಳಗೆ ಹೋಯಿತು. ಬಾಗಿಲು ಬಿದ್ದಾಗ ಚೀರಿತು. ಅಜ್ಜಿ ಕೆಳಗೆ ಹೋಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯತೊಡಗಿದಳು, ತೊಳೆದ ಪಾತ್ರೆಗಳನ್ನೇ. ನಾನು ಪಶುವೈದ್ಯೆಯ ಜೀಪಿನಲ್ಲಿ ಹೋದೆ.

ಸಂಜೆ ಹಿಂತಿರುಗಿದಾಗ ಅಜ್ಜಿ ಹಜಾರದಲ್ಲಿ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಕೇಳಲಿಲ್ಲ. ನಾನೇ ಹೇಳಿದೆ. ಅರಳಿಮರದ ಗುಂಪಿನ ಆವರಣದಲ್ಲಿ ಬಾಗಿಲು ತೆಗೆದರೂ ಅದು ಬಹಳ ಹೊತ್ತು ಬೋನಿನೊಳಗೇ ಕುಳಿತಿತ್ತು. ಆಮೇಲೆ ಹೊರಗೆ ಬಂದು, ಗುಂಪಿನಿಂದ ದೂರ, ಗೋಡೆಯ ಮೂಲೆಯಲ್ಲಿ ಕುಳಿತಿತು. ಎಲ್ಲವೂ ನೋಡಿದವು. ಯಾವುದೂ ಹಲ್ಲು ತೋರಿಸಲಿಲ್ಲ. ಕೊನೆಗೆ ಒಂದು ಮುದಿ ಹೆಣ್ಣು, ಕಿವಿ ಹರಿದದ್ದು, ಮೆಲ್ಲಗೆ ಬಂದು ಅದರ ಹಿಂದೆ ಕುಳಿತು, ಬೆನ್ನಿನ ರೋಮ ಬಿಡಿಸತೊಡಗಿತು. ಮರಿ ತಲೆ ಬಗ್ಗಿಸಿ, ಹಾಗೇ ಮುಂದಕ್ಕೆ ಬಾಗಿ ಮಲಗಿಬಿಟ್ಟಿತು.

ಅಜ್ಜಿ ಎಣ್ಣೆಯ ಗಿಂಡಿಯನ್ನು ಹಿಡಿದು ಹಾಗೇ ನಿಂತಿದ್ದಳು.

“ಹೇನು ಸಿಕ್ತಾ?” ಎಂದಳು.

“ಸಿಕ್ಕಿರ್ಬೇಕು. ಬಾಯಿಗೆ ಹಾಕ್ಕೊಳ್ತಿತ್ತು.”

“ಹಂಗಾದ್ರೆ ಸರಿ.”

ದೀಪದ ಬತ್ತಿಗಳು ತಟ್ಟೆಯಲ್ಲಿದ್ದವು, ನೆಟ್ಟಗೆ, ಬಿಳಿಯಾಗಿ, ಅವಳ ಕೈಯವು. ಆಗ ನಾನು ಉಳಿದದ್ದನ್ನೂ ಹೇಳಿದೆ. ಮೊದಲ ಬತ್ತಿಯಲ್ಲಿ ಏನು ಸಿಕ್ಕಿತ್ತೆಂದು, ಕಂಪ್ಯೂಟರು ಅದನ್ನು ನಾನೆಂದು ಹೇಳಿತೆಂದು, ಅದು ಅಜ್ಜಿಯೆಂದು, ಅಜ್ಜಿಯೂ ನಾನೂ ಅದರಲ್ಲಿ ಒಂದೇ ಆಗಿರಬೇಕಾದರೆ ನಡುವೆ ಯಾರಿರಬೇಕೆಂದು. ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಬೇರೆ ರೀತಿ ನನಗೆ ಬರುವುದಿಲ್ಲ.

ಅಜ್ಜಿ ಗಿಂಡಿಯನ್ನು ಕೆಳಗಿಟ್ಟಳು.

“ಅದು ಕಲಬೆರಕೆ ಅಂದ್ಯಲ್ಲ,” ಎಂದಳು ಆಮೇಲೆ. “ಕಲಬೆರಕೆ ಆದ್ರೆ ಏನ್ ಮಾಡ್ತೀರ ನೀವು?”

“ಅಳಿಸ್ತೀವಿ ಅಜ್ಜಿ. ಮನುಷ್ಯರದ್ದು ಇಟ್ಕೊಳ್ಳೋ ಹಾಗಿಲ್ಲ.”

“ಅಳಿಸಿದ್ಯಾ?”

ಹೊರಗೆ ಯಾರೋ ಗೇಟು ಹಾಕಿದ ಸದ್ದಾಯಿತು. ತಾರಸಿಯ ಮೇಲೆ ಏನೂ ಸದ್ದಿರಲಿಲ್ಲ.

“ಇನ್ನೂ ಇಲ್ಲ,” ಎಂದೆ.

ಅಜ್ಜಿ ತಟ್ಟೆಯಿಂದ ಒಂದು ಬತ್ತಿಯನ್ನು ಎತ್ತಿ, ಅದರ ತೊಟ್ಟನ್ನು ಬೆರಳಲ್ಲಿ ಇನ್ನೊಮ್ಮೆ ತಿರುಚಿ, ಎಣ್ಣೆಯಲ್ಲಿ ನಿಲ್ಲಿಸಿದಳು. ನಾನು ಬೆಂಕಿಕಡ್ಡಿ ಗೀರಿದೆ.